ಜಗಲಿಯ ಕೊನೆಯ ಕಂತು

ನನ್ನ ಕಾದಂಬರಿಗಳ ಬಗ್ಗೆ ಮಾತಾಡಿ ಎಂದು ಕರೆಯುವವರು ಕೊನೆಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಮೇಡಂ, ನಿಮ್ಮ ಕಥೆಗಳಲ್ಲಿ ಮನೆತನ ಮುಳುಗುತ್ತೆ, ಆಸ್ತಿ ಹೋಗುತ್ತೆ, ಕೋಟೆ ಬೀಳುತ್ತೆ. ಹೆಂಗಸರು ಮಾತ್ರ ಸಾಯಲ್ವಲ್ಲ, ಯಾಕೆ?" ನಾನು "ಯಾಕೆ ಸಾಯ್ಬೇಕು?" ಎಂದು ತಿರುಗಿ ಕೇಳಿ ಕೂತುಬಿಡುತ್ತೇನೆ. ಜನ ನಗುತ್ತಾರೆ, ಕಾಫಿ ಬರುತ್ತದೆ, ಅಲ್ಲಿಗೆ ಮುಗಿಯಿತು. ನಿಜವಾದ ಉತ್ತರ ಹೇಳಬೇಕೆಂದರೆ ಜಯನಗರದ ಒಂದು ಜಗಲಿಯ ತನಕ ಹೋಗಬೇಕು, ಅತ್ತೆಯ ಮಾತು ತೆಗೆಯಬೇಕು. ತೆಗೆದರೆ ನನಗೆ ಅಳು ಬರುತ್ತದೆ. ಸಭೆಯಲ್ಲಿ ಮೈಕು ಹಿಡಿದು ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ನಾನೇ ಆ ಕೆಲಸ ಮಾಡಲಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರ ಎಂದರೆ ಆಗ ಅರ್ಧ ಮನೆ, ಅರ್ಧ ಸೈಟು ಕಲ್ಲು. ನಮ್ಮ ಬೀದಿ ಮುಗಿದ ಕಡೆ ರಾಗಿ ಹೊಲ ಶುರುವಾಗುತ್ತಿತ್ತು, ಅದರಾಚೆ ಸಾರಕ್ಕಿ ಕೆರೆಯ ಏರಿ. ಪೇಟೆಯಿಂದ ನಮ್ಮನ್ನು ನೋಡಲು ಬರುವ ನೆಂಟರು "ಕಾಡಿಗೆ ಬಂದು ಸೇರ್ಕೊಂಡ್ರಲ್ಲಪ್ಪ" ಎಂದು ಮರುಗುತ್ತಿದ್ದರು. ಮರುಗುವುದಕ್ಕೆ ಕಾರಣವಿತ್ತು. ಅಜ್ಜನ ಕಾಲದಲ್ಲಿ ನಮ್ಮದು ಪೇಟೆಯಲ್ಲಿ ಮೂರು ಬಾಗಿಲಿನ ಜವಳಿ ಅಂಗಡಿ, ಹಿಂದೆ ತೊಟ್ಟಿ ಮನೆ, ದಿನಕ್ಕೆರಡು ಪಂಕ್ತಿ ಊಟ. ಅಜ್ಜ ಹೋದ ಮೇಲೆ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತಿದರು. ಇಳಿಯುವ ಹೊತ್ತಿಗೆ ಅಂಗಡಿಯೂ ಇಲ್ಲ, ಮನೆಯೂ ಇಲ್ಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದರು, ಸಾಲ ಸೋಲ ಮಾಡಿ ಜಯನಗರದಲ್ಲಿ ಚಿಕ್ಕದೊಂದು ಹೆಂಚಿನ ಮನೆ ಕಟ್ಟಿಸಿದರು. ಅದರಲ್ಲಿ ಅಪ್ಪ, ಅಮ್ಮ, ಮದುವೆಗೆ ಬಂದ ಅಕ್ಕ, ಹನ್ನೆರಡು ವರ್ಷದ ನಾನು ಮತ್ತು ಅತ್ತೆ ಇದ್ದೆವು.

ಅತ್ತೆ ಎಂದರೆ ಅಪ್ಪನ ತಂಗಿ. ಹದಿನಾರಕ್ಕೆ ಮದುವೆಯಾಗಿ, ಎರಡು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕೊರಳಲ್ಲಿ ಶಿವದಾರ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕುಂಕುಮದ ಜಾಗ ಖಾಲಿ. ಕೈ ಬೋಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅಡಿಗೆಮನೆಯಲ್ಲಿ ಅಮ್ಮನಿಗೆ ಸಮನಾಗಿ ದುಡಿದು, ಊಟದ ಮೇಲೆ ಉಗ್ರಾಣದಲ್ಲಿ ಒಂದು ಮಣೆ ಹಾಕಿಕೊಂಡು ಬರೆಯಲು ಕೂರುತ್ತಿದ್ದಳು. ಹುಣಸೆಹಣ್ಣಿನ ಮಡಕೆ, ಬೆಲ್ಲದ ಅಚ್ಚು, ಮೆಣಸಿನಕಾಯಿ ಮೂಟೆಗಳ ಮಧ್ಯೆ. ನನಗೆ ಇವತ್ತಿಗೂ ಕಾದಂಬರಿ ಎಂದರೆ ಮೂಗಿಗೆ ಮೊದಲು ಬರುವುದು ಒಣಮೆಣಸಿನಕಾಯಿ ಘಾಟು. ಅವಳು ಬರೆಯುತ್ತಿದ್ದರೆ ಮಧ್ಯೆ ಮಧ್ಯೆ ಸೀನುತ್ತಿದ್ದಳು.

ಅವಳ ಮೊದಲ ಕಾದಂಬರಿ ನಮ್ಮ ಮನೆಯದೇ. ಹೆಸರು ಬದಲಾಯಿಸಿದ್ದಳು, ಜವಳಿ ಅಂಗಡಿಯನ್ನು ಪಾತ್ರೆ ಅಂಗಡಿ ಮಾಡಿದ್ದಳು. ಏನು ಮಾಡಿದರೇನು, ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿದ್ದ ಹಾಗೆ ನೆಂಟರೆಲ್ಲ ತಮ್ಮ ತಮ್ಮ ಮುಖ ಹುಡುಕಿಕೊಂಡು ಕೂತರು. ಮನೆತನದ ಮಾನ ಹರಾಜು ಹಾಕಿದಳು ಎಂದರು. ಚಿಕ್ಕಜ್ಜನಂತೂ ಛತ್ರಿ ಹಿಡಿದು ಅಷ್ಟು ದೂರ ಬಂದು, "ಆ ಜಿಪುಣ ನಾನೇ" ಎಂದು ಕೂಗಾಡಿ ಹೋದರು. ಯಾರೂ ಹಾಗೆ ಅಂದಿರಲಿಲ್ಲ ಪಾಪ, ಅವರೇ ಬಂದು ಒಪ್ಪಿಕೊಂಡರು. ಅಮ್ಮ ನಗು ತಡೆಯಲಾರದೆ ಹಿತ್ತಿಲಿಗೆ ಓಡಿದ್ದಳು. ಅಪ್ಪ ಮಾತ್ರ ನಗಲಿಲ್ಲ. "ಬದುಕಿರೋರ ಕತೆ ಬೇಡಮ್ಮ" ಎಂದು ಅತ್ತೆಗೆ ಹೇಳಿದರು. "ರಾಜರು, ಪಾಳೇಗಾರರು, ಅಂಥದ್ದು ಬರಿ. ಸತ್ತೋರು ಜಗಳಕ್ಕೆ ಬರಲ್ಲ." ಅತ್ತೆ ಹೂಂ ಎಂದಳು. ಸತ್ತವರು ಇನ್ನೂ ದೊಡ್ಡ ಜಗಳ ತರುತ್ತಾರೆಂದು ಅಪ್ಪನಿಗೆ ಆಗ ಗೊತ್ತಿರಲಿಲ್ಲ.

ಹಾಗೆ ಶುರುವಾದದ್ದು ಪಾಳೇಗಾರನ ಹೆಂಡತಿಯ ಕತೆ. ಬೆಂಗಳೂರಿನ ದಕ್ಷಿಣಕ್ಕೆ ಬೆಟ್ಟದ ಮೇಲೊಂದು ಮಣ್ಣಿನ ಕೋಟೆ. ಅಲ್ಲಿಗೆ ವರ್ತಕರ ಮಗಳೊಬ್ಬಳು ರಾಣಿಯಾಗಿ ಬರುತ್ತಾಳೆ. ಗಂಡ ಸಾಯುತ್ತಾನೆ. ಮೈದುನ ಬಂದು ಕೋಟೆಯ ಬೀಗದ ಕೈ ಕೊಡು, ಬಳೆ ಬಿಚ್ಚು, ಒಳಮನೆ ಸೇರು ಎನ್ನುತ್ತಾನೆ. ಅವಳು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳುತ್ತಾಳೆ: "ತಾಳಿ ನಿಮ್ಮಣ್ಣ ಕಟ್ಟಿದ್ದು, ಅವರ ಜೊತೆಯಲ್ಲೇ ಕಳಿಸಿದ್ದೇನೆ. ಬಳೆ ನನ್ನ ತವರಿನದು. ನೀನು ಕೊಟ್ಟಿದ್ದಲ್ಲ, ನೀನು ಕೇಳುವ ಹಾಗಿಲ್ಲ." ಆಮೇಲೆ ಹನ್ನೆರಡು ವರ್ಷ ಕೋಟೆ ಆಳುತ್ತಾಳೆ, ಕೆರೆ ಕಟ್ಟಿಸುತ್ತಾಳೆ, ಸುಂಕದವರನ್ನು ಹದ್ದುಬಸ್ತಿನಲ್ಲಿಡುತ್ತಾಳೆ. ಅತ್ತೆ ಇದನ್ನು ಯಾವ ಶಾಸನದಲ್ಲೂ ಓದಿರಲಿಲ್ಲ. ಉಗ್ರಾಣದಲ್ಲಿ ಕೂತು ಕಟ್ಟಿದ ಚರಿತ್ರೆ ಅದು.

ವಾರಪತ್ರಿಕೆ ಬಂದ ದಿನ ಮಧ್ಯಾಹ್ನ ನಮ್ಮ ಜಗಲಿ ತುಂಬುತ್ತಿತ್ತು. ಮನೆಯ ನಕ್ಷೆಯಲ್ಲಿ ಅದು ವರಾಂಡ, ಅಮ್ಮನ ಬಾಯಲ್ಲಿ ಜಗಲಿ. ಆ ಕಾಲದಲ್ಲಿ ಪತ್ರಿಕೆ ತರಿಸುವುದು ಒಂದು ಮನೆ, ಕೇಳುವುದು ಹತ್ತು ಮನೆ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕಾಳು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳಬೇಕು. ನನ್ನ ಗಂಟಲು ದೊಡ್ಡದು ಎಂದು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರು ಎಲ್ಲಿ ಕೂರಬೇಕು ಎಂದು ಯಾರೂ ಹೇಳುತ್ತಿರಲಿಲ್ಲ, ಆದರೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಎದುರು ಬಂಗಲೆಯ ಆಫೀಸರ್ ಹೆಂಡತಿಗೆ ಬೆತ್ತದ ಕುರ್ಚಿ. ಆಕೆ ತಮಿಳಿನವರು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬಾರದು. ನಾವೆಲ್ಲ ಮಾಮಿ ಎನ್ನುತ್ತಿದ್ದೆವು. ಅಮ್ಮ, ಅಕ್ಕ, ಅಕ್ಕಪಕ್ಕದ ಗುಮಾಸ್ತರ ಹೆಂಡತಿಯರು, ನಾನು ಚಾಪೆಯ ಮೇಲೆ. ಸಾರಕ್ಕಿಯಿಂದ ಸೊಪ್ಪು ಮಾರಲು ಬರುವ ಸೊಪ್ಪಿನವ್ವ ಹೊರಗಿನ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಖಾಲಿ ಬುಟ್ಟಿ.

ಬರೆದವಳು ಮಾತ್ರ ಜಗಲಿಗೆ ಬರುತ್ತಿರಲಿಲ್ಲ. ಮುತ್ತೈದೆಯರು ಸೇರಿದ ಕಡೆ ತಾನು ಬಂದು ಕೂರಬಾರದೆಂದು ಅವಳೇ ಹಾಕಿಕೊಂಡ ಕಟ್ಟಳೆ. ಬಾ ಎಂದು ಯಾರೂ ಕರೆದವರೂ ಅಲ್ಲ. ನಡುಮನೆಯ ಕಿಟಕಿಯ ಒಳಗೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತು ಕೇಳುತ್ತಿದ್ದಳು. ನಾನು ಎಲ್ಲಾದರೂ ತಪ್ಪು ಓದಿದರೆ ಒಳಗೆ ಕಲ್ಲು ಆರಿಸುವ ಸದ್ದು ನಿಲ್ಲುತ್ತಿತ್ತು.

ಬಳೆಯ ಮಾತು ಬಂದ ವಾರ ನೆನಪಿದೆ. ಓದಿ ಮುಗಿಸಿದರೆ ಯಾರೂ ಏಳಲಿಲ್ಲ. ಸೊಪ್ಪಿನವ್ವ ತನ್ನ ಕೈಯ ಗಾಜಿನ ಬಳೆಗಳನ್ನು ಹಿಂದೆ ಮುಂದೆ ಮಾಡುತ್ತ, "ತವರಿಂದು, ನೀ ಕೇಳಂಗಿಲ್ಲ" ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. ನಮ್ಮ ಬೀದಿ ಇದ್ದ ಜಾಗ ಒಂದು ಕಾಲಕ್ಕೆ ಅವಳ ಮನೆಯವರ ಹೊಲ. "ನಿಮ್ ಬಚ್ಚಲಿರೋ ತಾವ್ ನಮ್ ಹುಣ್ಸೇಮರ ಇತ್ತು" ಎಂದು ಅಮ್ಮನಿಗೆ ಆಗಾಗ ನೆನಪಿಸುತ್ತಿದ್ದಳು, ಸಿಟ್ಟಿಲ್ಲದೆ, ಆದರೆ ಬಿಡದೆ. ಆ ಮಧ್ಯಾಹ್ನ ಕಿಟಕಿಯ ಕಡೆ ತಿರುಗಿ ಕೇಳಿದಳು. "ಯವ್ವಾ, ಅವ್ಳ್ನ ಕೊನೇಗ್ ಏನ್ ಮಾಡ್ತೀರಿ?"

"ಗೊತ್ತಿಲ್ಲಮ್ಮ, ನೋಡ್ಬೇಕು" ಎಂದಿತು ಒಳಗಿನ ದನಿ.

"ನೋಡೋದೇನ್ ಬಂತು, ಎಲ್ಲಾ ನಿಮ್ ಕೈಲೇ ಐತಲ್ಲ. ಸಾಯ್ಸ್‌ಬ್ಯಾಡಿ ಅಷ್ಟೆ."

ಅತ್ತೆ ಒಳಗೆ ನಕ್ಕದ್ದು ಕೇಳಿಸಿತು. ಅವಳು ನಗುವುದು ಅಪರೂಪ, ಹಾಗಾಗಿ ನನಗೆ ಅದು ಚೆನ್ನಾಗಿ ನೆನಪಿದೆ.

ಅದೇ ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಗಂಡಿನವರು ಬಂದರು. ಅವರೂ ಜವಳಿ ವರ್ತಕರು, ನಮ್ಮ ಹಾಗೆ ಮುಳುಗಿದವರಲ್ಲ, ತೇಲುತ್ತಿದ್ದವರು. ಹುಡುಗ ಮಿತಭಾಷಿ. ಅಕ್ಕ ತಟ್ಟೆ ಇಟ್ಟು ಒಳಗೆ ಬಂದಾಗ ಅವಳ ಕಿವಿ ಕೆಂಪಾಗಿತ್ತು. ನಾನು ಚುಡಾಯಿಸಿದ್ದಕ್ಕೆ ಜಡೆ ಹಿಡಿದು ಎಳೆದಳು. ಉಪ್ಪಿಟ್ಟು ಆಯಿತು, ಕಾಫಿ ಆಯಿತು, ಜಾತಕದ ಮಾತೂ ಆಯಿತು. ಆಗ ಹುಡುಗನ ದೊಡ್ಡಪ್ಪ ಶಲ್ಯದಿಂದ ಬಾಯಿ ಒರೆಸಿಕೊಂಡು ಕೇಳಿದರು. "ಆ ರಾಣಿ ಕತೆ ಬರೀತಿರೋರು ನಿಮ್ಮ ತಂಗೀನೇ ಅಂತೆ?"

ಅಪ್ಪ ಹೌದೆಂದರು.

"ನಮ್ಮನೇಲೂ ಹೆಂಗಸರು ಓದ್ತಾರೆ. ಮೊನ್ನೆ ನಮ್ಮ ಸೊಸೆ ಬಳೆ ಶಾಸ್ತ್ರದ ಮೇಲೆ ಭಾಷಣ ಮಾಡಿದ್ಲು. ಗಂಡ ಸತ್ತೋಳು ಬಳೆ ತೊಟ್ಕೊಂಡು, ಬೀಗದ ಕೈ ಸಿಕ್ಕಿಸ್ಕೊಂಡು... ಅದಿರ್ಲಿ ಬಿಡಿ, ಕತೆ ಅಲ್ವಾ. ಎಲ್ಲಾ ಕತೇಗೂ ಒಂದು ಕೊನೆ ಇರತ್ತೆ." ಅವರು ಅಡಿಕೆ ಬಾಯಿಗೆ ಹಾಕಿಕೊಂಡರು. "ಹುಡುಗಿ ನಮಗೆ ಒಪ್ಪಿಗೆ. ಮನೆತನದ ಹೆಸರು ನೀವೂ ನೋಡ್ಬೇಕು, ನಾವೂ ನೋಡ್ಬೇಕು. ಆ ಕತೆ ಮುಗೀಲಿ, ಮರ್ಯಾದೆಯಾಗಿ ಮುಗೀಲಿ. ವೀಳ್ಯ ಶಾಸ್ತ್ರ ಆಮೇಲೆ ಇಟ್ಕೊಳ್ಳೋಣ."

ಇಷ್ಟು ವರ್ಷವಾದರೂ ಆ ಮನುಷ್ಯನ ಅಡಿಕೆ ಕಡಿಯುವ ಸದ್ದು ನೆನೆದರೆ ನನಗೆ ಮೈ ಉರಿಯುತ್ತದೆ. ವಿಚಿತ್ರ ನೋಡಿ, ಮದುವೆ ಮಾತುಕತೆ ವರದಕ್ಷಿಣೆಗೆ ನಿಂತದ್ದು ಕಂಡಿದ್ದೇನೆ, ಜಾತಕಕ್ಕೆ ನಿಂತದ್ದು ಕಂಡಿದ್ದೇನೆ. ಧಾರಾವಾಹಿಯ ಕೊನೆಯ ಕಂತಿಗೆ ನಿಂತದ್ದು ನಮ್ಮ ಮನೆಯಲ್ಲಿ ಮಾತ್ರ. ಇಲ್ಲದ ರಾಣಿಯೊಬ್ಬಳು ಬದುಕಿದರೆ ನನ್ನ ಅಕ್ಕನ ಮದುವೆ ಇಲ್ಲ, ಸತ್ತರೆ ಉಂಟು.

ಅವರು ಹೋದ ಮೇಲೆ ಅಪ್ಪ ಅಡಿಗೆಮನೆ ಬಾಗಿಲಲ್ಲಿ ನಿಂತರು. ಅತ್ತೆ ಒಲೆಯ ಮುಂದೆ ಕೂತಿದ್ದಳು.

"ಹೇಗಮ್ಮ ಮುಗಿಸ್ಬೇಕು ಅಂದ್ಕೊಂಡಿದ್ದೆ?" ಎಂದು ಕೇಳಿದರು.

"ಅವಳು ಬದುಕ್ತಾಳೆ ಅಣ್ಣ. ಬದುಕ್ಲಿ ಅಂತಾನೇ ಶುರು ಮಾಡಿದ್ದು."

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವರು ಕೆಟ್ಟವರಲ್ಲ. ಬಾಯಿಬಿಟ್ಟು ಕೊಲ್ಲು ಎನ್ನಲಾರದೆ ಹೋದರು. ಅಮ್ಮ ಕೂಡ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅತ್ತೆಗೆ ಎದುರಾಡಲು ಸುಲಭವಾಗುತ್ತಿತ್ತೇನೋ. ಮಾರನೆಯ ದಿನ ಅತ್ತೆ ಅಕ್ಕನನ್ನು ಉಗ್ರಾಣಕ್ಕೆ ಕರೆದಳು. ನಾನು ಬಾಗಿಲ ಸಂದಿಯಲ್ಲೇ ಇದ್ದೆ.

"ಹುಡುಗ ನಿಂಗೆ ಇಷ್ಟಾನಾ?"

ಅಕ್ಕ ತಲೆ ತಗ್ಗಿಸಿಕೊಂಡೇ ಇದ್ದಳು. ಆಮೇಲೆ ಹೂಂ ಎಂದು ಅತ್ತುಬಿಟ್ಟಳು. "ಬೇಡ ಅತ್ತೆ, ನನಗೋಸ್ಕರ ನೀವು ಏನೂ..."

"ಸರಿ ಬಿಡು. ಅಳೋ ಅಂಥದ್ದು ಏನೂ ಆಗಿಲ್ಲ" ಎಂದಳು ಅತ್ತೆ. ಮಣೆ ಹಾಕಿಕೊಂಡಳು, ಬಾಗಿಲು ಮುಂದೆ ಮಾಡಿದಳು. ಆ ದಿನ ಒಳಗಿನಿಂದ ಒಂದು ಸೀನೂ ಕೇಳಿಸಲಿಲ್ಲ. ಸಂಜೆ ಲಕೋಟೆಯನ್ನು ಅಪ್ಪನ ಕೈಗೆ ಕೊಟ್ಟು ಟಪಾಲಿಗೆ ಹಾಕಲು ಹೇಳಿದಳು.

ಕೊನೆಯ ಕಂತು ಬಂದ ಬೆಳಿಗ್ಗೆ ಮೊದಲು ಅಮ್ಮ ಓದಿದಳು, ಆಮೇಲೆ ಅಕ್ಕ, ಕೊನೆಗೆ ನಾನು, ಹಿತ್ತಿಲ ಸೀಬೆಮರದ ಕೆಳಗೆ. ಕೋಟೆಗೆ ಮುತ್ತಿಗೆ. ಮೈದುನನ ಕಡೆಯವರು ಬಾಗಿಲು ಒಡೆಯುತ್ತಿದ್ದಾರೆ. ರಾಣಿ ಬೀಗದ ಕೈ ಗೊಂಚಲನ್ನು ಎದೆಗೊತ್ತಿಕೊಂಡು, ಕುಲದೇವರನ್ನು ನೆನೆದು, ಅರಮನೆಯ ಬಾವಿಯ ಕಟ್ಟೆ ಹತ್ತುತ್ತಾಳೆ. ಮರುಕ್ಷಣ ಕಟ್ಟೆ ಬರಿದಾಗಿತ್ತು. ಕೆಳಗೆ ಒಂದು ಗೆರೆ, "ಮುಗಿಯಿತು". ಎಷ್ಟು ಚೆನ್ನಾಗಿ ಬರೆದಿದ್ದಳು ಎಂದರೆ ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಕೆಟ್ಟದಾಗಿ ಬರೆದಿದ್ದರೆ ಕ್ಷಮಿಸುತ್ತಿದ್ದೆ. ಅತ್ತೆಯ ಮುಖ ನೋಡಲಿಲ್ಲ, ಮಧ್ಯಾಹ್ನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಜಗಲಿ ಆ ದಿನ ಎಂದಿಗಿಂತ ಹೆಚ್ಚು ತುಂಬಿತ್ತು. ಮಾಮಿ ಬೇಗ ಬಂದು ಕುರ್ಚಿ ಹಿಡಿದಿದ್ದರು. ಸೊಪ್ಪಿನವ್ವ ಬುಟ್ಟಿಯಲ್ಲಿ ಇನ್ನೂ ಅರ್ಧ ಸೊಪ್ಪು ಇರುವಾಗಲೇ ಬಂದಿದ್ದಳು. "ಮಾರೋದ್ ಇದ್ದೇ ಐತೆ, ಓದವ್ವ" ಎಂದಳು. ಕಿಟಕಿಯ ಒಳಗೆ ಮೊರದ ಸದ್ದು ಶುರುವಾಯಿತು. ನಾನು ಓದತೊಡಗಿದೆ. ಮುತ್ತಿಗೆ, ಬಾಗಿಲು, ಕೂಗು, ಗೊಂಚಲು, ಕುಲದೇವರು. "ಅವಳು ಬಾವಿಯ ಕಟ್ಟೆ ಹತ್ತಿದಳು" ಎಂಬಲ್ಲಿಗೆ ಬಂದು ತಲೆ ಎತ್ತಿದೆ. ಸೊಪ್ಪಿನವ್ವ ಎರಡೂ ಕೈ ಸೇರಿಸಿ ಬಾಯಿಗೆ ಹಿಡಿದುಕೊಂಡಿದ್ದಳು.

ಮುಂದಿನ ಸಾಲು ನನ್ನ ಕಣ್ಣ ಮುಂದೆಯೇ ಇತ್ತು. ಓದಲಿಲ್ಲ. "ಹತ್ತಿ... ಕೆಳಗೆ ನೋಡಿದಳು" ಎಂದೆ.

"ನೋಡಿ?"

"ನೋಡಿ... ಹಾರಲಿಲ್ಲ."

ಒಳಗೆ ಕಲ್ಲು ಆರಿಸುವ ಸದ್ದು ನಿಂತಿತು. ಅಮ್ಮ ನನ್ನನ್ನೇ ದಿಟ್ಟಿಸಿದಳು. ಅಮ್ಮನಿಗೆ ಗೊತ್ತು, ಅಕ್ಕನಿಗೆ ಗೊತ್ತು, ಪತ್ರಿಕೆಯಲ್ಲಿ ಹಾಗಿಲ್ಲವೆಂದು. ಹಾರಲಿಲ್ಲ ಎಂದುಬಿಟ್ಟೆ, ಸರಿ, ಹಾರದೆ ಏನು ಮಾಡಿದಳು? ಬಾಗಿಲಾಚೆ ಶತ್ರು ನಿಂತಿದ್ದಾನೆ. ಹನ್ನೆರಡು ವರ್ಷದ ನನ್ನ ತಲೆಗೆ ಒಂದೇ ಒಂದು ಉಪಾಯವೂ ಹೊಳೆಯಲಿಲ್ಲ.

"ಹಾರ್ಲಿಲ್ವಾ? ಮತ್ತೇನ್ ಮಾಡುದ್ಲು?" ಎಂದಳು ಸೊಪ್ಪಿನವ್ವ.

ನಾನು ಪುಟದ ಮೇಲೆ ಬೆರಳು ಓಡಿಸಿ ಮುಂದಿನ ಸಾಲು ಹುಡುಕುವವಳಂತೆ ನಟಿಸಿದೆ. ಆಗ ಕಿಟಕಿಯಿಂದ ದನಿ ಬಂತು.

"ಬೀಗದ ಕೈ ಮಾತ್ರ ಹಾಕಿದಳು."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅಮ್ಮ ಕೈ ಚಾಚಿ ನನ್ನ ತೊಡೆಯ ಮೇಲಿದ್ದ ಪತ್ರಿಕೆಯನ್ನು ಎತ್ತಿಕೊಂಡಳು, ಮಡಚಿದಳು, ತನ್ನ ಮಂಡಿಯ ಕೆಳಗೆ ಇಟ್ಟುಕೊಂಡಳು. "ಏನಮ್ಮ, ಪುಸ್ತಕ ಮುಚ್ಚಿಬಿಟ್ರಿ, ಕಥೆ?" ಎಂದು ಮಾಮಿ ಗಾಬರಿಯಾದರು.

"ಅಚ್ಚಾದ್ದು ಅಚ್ಚಾಯ್ತು ಮಾಮಿ. ಅದು ಬೇಕಾದೋರು ಓದ್ಕೊಳ್ಲಿ" ಎಂದಳು ಅಮ್ಮ. "ಇದು ನಮ್ಮ ಜಗಲಿ." ಆಮೇಲೆ ಕಿಟಕಿಗೆ ಕೇಳಿಸುವ ಹಾಗೆ, "ಅಲ್ಲೇ ಯಾಕೆ ಕೂತಿದೀಯ, ಹೊರಗೆ ಬಾ. ಬಂದು ಹೇಳು."

ನಮ್ಮ ಅಮ್ಮ ಅಷ್ಟು ವರ್ಷದಲ್ಲಿ ತನ್ನ ನಾದಿನಿಯನ್ನು ಜಗಲಿಗೆ ಕರೆದದ್ದು ಅದೇ ಮೊದಲು. ಅಮ್ಮನ ಮೇಲೆ ನನಗೆ ಎಷ್ಟೋ ದೂರುಗಳಿವೆ. ಆ ಒಂದು ಮಾತಿಗೆ ಎಲ್ಲವನ್ನೂ ಬಿಟ್ಟಿದ್ದೇನೆ.

ಅತ್ತೆ ಬಂದಳು. ಸೆರಗಿಗೆ ಅಕ್ಕಿ ನುಚ್ಚು ಅಂಟಿತ್ತು. ಅಮ್ಮ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. ಅತ್ತೆ ಅದನ್ನು ನೋಡಿದಳು, ನೋಡಿ, ದಾಟಿಕೊಂಡು ಹೋಗಿ ಮೆಟ್ಟಿಲ ಮೇಲೆ ಸೊಪ್ಪಿನವ್ವನ ಪಕ್ಕದಲ್ಲಿ ಕೂತಳು. ಸೊಪ್ಪಿನವ್ವ ತಡಬಡಿಸಿ ಏಳಲು ಹೋದರೆ ಅವಳ ಮೊಣಕೈ ಹಿಡಿದು ಕೂರಿಸಿದಳು.

"ಬೀಗದ ಕೈ ಬಾವಿಗೆ ಬಿದ್ದ ಸದ್ದು ಕೇಳಿ ರಾಣಿಯೇ ಹಾರಿದಳು ಅಂತ ಕೂಗೆದ್ದಿತು. ಬಾಗಿಲು ಒಡೆದು ನುಗ್ಗಿದವರೆಲ್ಲ ಬಾವಿ ಕಡೆ ಓಡಿದರು" ಎಂದಳು ಅತ್ತೆ. ಬರೆಯುವ ಕನ್ನಡದಲ್ಲೇ ಹೇಳುತ್ತಿದ್ದಳು, ಆದರೆ ದನಿ ಅಡಿಗೆಮನೆಯದು. "ಅರಮನೆಗೆ ದಿನಾ ಬೆಳಿಗ್ಗೆ ಸೊಪ್ಪು ತರುವವಳು ಮೂಲೆಯಲ್ಲಿ ನಡುಗುತ್ತ ನಿಂತಿದ್ದಳು. ರಾಣಿ ಅವಳ ಹಳೇ ಸೀರೆ ಉಟ್ಟು, ಅವಳ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಳು." ಇಷ್ಟು ಹೇಳಿ ಅತ್ತೆ ಪಕ್ಕದಲ್ಲಿದ್ದ ಬುಟ್ಟಿಯನ್ನು, ಅದರೊಳಗಿನ ಅರ್ಧ ಸೊಪ್ಪಿನ ಸಮೇತ, ನಿಜವಾಗಿಯೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಳು. ಸೆರಗು ಮೊಣಕೈಯ ತನಕ ಜಾರಿತು. ಅವಳ ಬೋಳು ಕೈಗಳು ಬಿಸಿಲಿನಲ್ಲಿ ಕಂಡವು. ಅಷ್ಟು ತೆಳ್ಳಗಿವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹೆಬ್ಬಾಗಿಲಲ್ಲಿ ಕಾವಲಿನವನು ನಿಂತಿದ್ದ, ಈಗ ಮೈದುನನ ಕಡೆಯವನು. ಹನ್ನೆರಡು ವರ್ಷ ಅವಳಿಗೆ ದಿನಾ ನಮಸ್ಕಾರ ಮಾಡಿದವನು. ಬುಟ್ಟಿಯಲ್ಲಿ ಏನು ಎಂದ. ಹರಿವೆ, ದಂಟು, ಬೇಕಾ ಎಂದಳು. ಬೇಡ ನಡಿ ನಡಿ ಎಂದ. ಅವಳು ನಡೆದಳು."

"ಗುರುತ್ ಹಿಡೀಲಿಲ್ವಾ?" ಎಂದಳು ಅಕ್ಕ, ತನ್ನನ್ನೇ ಮರೆತು.

ಸೊಪ್ಪಿನವ್ವ ಗೊಳ್ಳೆಂದು ನಕ್ಕಳು. "ಸೊಪ್ಪಿನೋಳ್ ಮಕ ಯಾರ್ ನೋಡ್ತಾರ್ ಕಣವ್ವ? ಸೊಪ್ಪು ನೋಡ್ತಾರೆ, ಬಾಡೈತಾ ಅಂತ." ಅಮ್ಮನೂ ನಕ್ಕಳು, ಮಾಮಿಯೂ ನಕ್ಕರು, ನಕ್ಕು ಸ್ವಲ್ಪ ಹೊತ್ತು ಸೊಪ್ಪಿನವ್ವನ ಮುಖವನ್ನು ನೋಡಿದರು.

ಅತ್ತೆ ನಿಲ್ಲಿಸಲಿಲ್ಲ. ಕೋಟೆಯಿಂದ ಇಳಿದವಳು ಎಲ್ಲಿಗೆ ಹೋದಳು, ಯಾವ ಕೆರೆಯ ಏರಿಯ ಮೇಲೆ ನಡೆದಳು, ಯಾರ ಮನೆಯಲ್ಲಿ ನೀರು ಕೇಳಿದಳು, ಹೇಗೆ ಮುದುಕಿಯಾದಳು, ಎಲ್ಲ ಹೇಳಿದಳು. ದೀಪ ಹಚ್ಚುವ ಹೊತ್ತಿನ ತನಕ ಹೇಳಿದಳು. ಅಪ್ಪ ಕಚೇರಿಯಿಂದ ಬಂದವರು ಗೇಟಿನಲ್ಲೇ ನಿಂತು ಕೇಳಿ, ಸದ್ದು ಮಾಡದೆ ಹಿತ್ತಿಲಿನಿಂದ ಒಳಗೆ ಹೋದರು. ಉಗ್ರಾಣದ ಗೋಡೆಗಳ ನಡುವೆ ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದದ್ದನ್ನು ಅವಳು ಆ ಮೆಟ್ಟಿಲ ಮೇಲೆ ಒಂದೇ ಸಲಕ್ಕೆ ಕೊಟ್ಟುಬಿಟ್ಟಳು. ನನಗೆ ಹೆಬ್ಬಾಗಿಲಿನ ತನಕ ಮಾತ್ರ ಕತೆ ನೆನಪಿದೆ. ಆಮೇಲಿನದಕ್ಕೆ ನಾನು ಕಿವಿ ಕೊಡಲೇ ಇಲ್ಲ. ಅವಳ ಮುಖ ನೋಡುತ್ತಿದ್ದೆ. ಬುಟ್ಟಿ ಕೆಳಗಿಟ್ಟ ಮೇಲೂ ತಲೆಗೂದಲಲ್ಲಿ ಒಂದು ಸೊಪ್ಪಿನ ಎಲೆ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ.

ವೀಳ್ಯ ಶಾಸ್ತ್ರ ಆಯಿತು. ಮದುವೆಯೂ ಆಯಿತು. ಹುಡುಗನ ದೊಡ್ಡಪ್ಪ ಬೀಗರ ಪಂಕ್ತಿಯಲ್ಲಿ ಕೂತು, "ಕೊನೆ ಬಹಳ ಘನವಾಗಿತ್ತು" ಎಂದು ಅಪ್ಪನ ಎದುರು ಹೊಗಳಿದರು. ಭಾವ ಒಳ್ಳೆಯವರು, ಅಕ್ಕ ಸುಖವಾಗಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಕಾದಂಬರಿ ಪುಸ್ತಕವಾಯಿತು, ಬಾವಿಯ ಸಮೇತ. ಅತ್ತೆ ಮಾತ್ರ ಮತ್ತೆ ಬರೆಯಲಿಲ್ಲ. ಮುಂದಿನ ವರ್ಷ ತುಮಕೂರಿನ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಹೋದಳು. ಅಪ್ಪ ತಡೆದರು, ಅವಳು ನಿಲ್ಲಲಿಲ್ಲ. ಉಗ್ರಾಣದಲ್ಲಿ ಅವಳ ಮಣೆಯ ಮೇಲೆ ಅಮ್ಮ ಉಪ್ಪಿನಕಾಯಿ ಜಾಡಿ ಇಟ್ಟಳು, ಆಮೇಲೆ ಏನನ್ನಿಸಿತೋ, ತೆಗೆದುಬಿಟ್ಟಳು.

ರಜಕ್ಕೆ ಬಂದಾಗಲೆಲ್ಲ ನಾನು ಪೀಡಿಸುತ್ತಿದ್ದೆ. "ಅತ್ತೆ, ಬಾಗಿಲು ದಾಟಿದ ಮೇಲೆ ಏನಾಯ್ತು, ಇನ್ನೊಂದು ಸಲ ಹೇಳಿ." ಅವಳು ನನ್ನ ತಲೆಗೆ ಎಣ್ಣೆ ಒತ್ತುತ್ತ, "ನಂಗೆಲ್ಲಿ ನೆನಪಿದೆ? ಬಾಯಿಗೆ ಬಂದದ್ದು ಹೇಳ್ದೆ. ನಿಂಗೆ ಬೇಕಾದ್ರೆ ನೀನೇ ಬರ್ಕೋ" ಎನ್ನುತ್ತಿದ್ದಳು. ಸುಳ್ಳು. ಒಂದು ಪದವೂ ಮರೆತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಆ ಜಗಲಿ ಬೇಕಿತ್ತು, ಆ ಮಧ್ಯಾಹ್ನ ಬೇಕಿತ್ತು, ಅದು ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅರವತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ವಿಷಮಜ್ವರ ಬಂದು ಅಲ್ಲೇ ತೀರಿಕೊಂಡಳು. ನಾವು ಹೋಗುವ ಹೊತ್ತಿಗೆ ಹಾಸ್ಟೆಲ್ಲಿನ ಹುಡುಗಿಯರು ಅವಳ ಸುತ್ತ ಕೂತು ವಚನ ಹಾಡುತ್ತಿದ್ದರು.

ಅದಾದ ಮೇಲೆ ನಾನು ಬರೆಯಲು ಶುರುಮಾಡಿದೆ. ಬೇರೆ ಯಾವ ಆಸೆಗೂ ಅಲ್ಲ, ಹೆಬ್ಬಾಗಿಲಿನಾಚೆ ಆ ರಾಣಿ ಎಲ್ಲಿಗೆ ಹೋದಳೆಂದು ತಿಳಿಯಬೇಕಿತ್ತು. ಎಷ್ಟು ಬರೆದರೂ ಅದು ನನ್ನದಾಗುತ್ತಿತ್ತು, ಅತ್ತೆಯದಾಗುತ್ತಿರಲಿಲ್ಲ. ಅಮ್ಮನನ್ನು ಕೇಳಿದೆ, ಅಮ್ಮನಿಗೆ ಕೆರೆ ಎನ್ನುವುದು ಮಾತ್ರ ನೆನಪಿತ್ತು. ಅಕ್ಕನನ್ನು ಕೇಳಿದರೆ ಅವಳು ಮಾತು ತಿರುಗಿಸಿದಳು. ಕೊನೆಗೆ ಸೊಪ್ಪಿನವ್ವನ ನೆನಪಾಯಿತು. ಅವಳು ಬೀದಿಗೆ ಬರುವುದು ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು.

ಹುಡುಕಿಕೊಂಡು ಸಾರಕ್ಕಿಗೆ ಹೋದೆ. ಊರು ಅರ್ಧ ಬದಲಾಗಿತ್ತು. ಅವಳ ಮನೆಯ ಪಕ್ಕ ಮಕ್ಕಳು ನಾಲ್ಕು ಮನೆಗಳ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅವಳು ಜಗಲಿಯ ಮೇಲೆ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದಳು. "ಓದೋ ಮಗ ಅಲ್ವಾ? ಗಂಟ್ಲು ಹಂಗೇ ಐತೆ, ಬಾ ಕೂತ್ಕೋ" ಎಂದಳು. ಅತ್ತೆ ಹೋದ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಗುಡ್ಡೆಗೆ ವಾಪಸು ಹಾಕಿದಳು. ಆಮೇಲೆ ನಾನು ಕತೆ ಕೇಳಿದೆ.

ಅವಳು ಹೇಳಿದಳು. ತಡವರಿಸದೆ, ಬುಟ್ಟಿಯಿಂದ ಹಿಡಿದು ಮುದುಕಿಯಾಗುವ ತನಕ. ಆದರೆ ಅದು ಅತ್ತೆಯ ಕತೆಯಾಗಿರಲಿಲ್ಲ, ಇಷ್ಟು ವರ್ಷಗಳಲ್ಲಿ ಅವಳದಾಗಿಹೋಗಿತ್ತು. ರಾಣಿ ಇಳಿದು ಬಂದದ್ದು ಸಾರಕ್ಕಿ ಕೆರೆ ಏರಿಗೆ. ನೀರು ಕೇಳಿದ್ದು ಅವಳ ಮುತ್ತಜ್ಜಿಯ ಮನೆ ಬಾಗಿಲಲ್ಲಿ. ಕೂತು ಉಂಡದ್ದು ನಮ್ಮ ಬಚ್ಚಲಿದ್ದ ಜಾಗದ ಹುಣಸೆಮರದ ಕೆಳಗೆ. ಮೊಮ್ಮಕ್ಕಳಿಗೆಲ್ಲ ಹೀಗೇ ಹೇಳಿದ್ದಾಳಂತೆ. ನನಗೆ ಅಳು ಬಂತು, ಹುಡುಕಿಕೊಂಡು ಬಂದದ್ದು ಇಲ್ಲೂ ಇಲ್ಲವಲ್ಲ ಎಂದು. ಏಳಲು ಹೊರಟೆ.

"ನಿಮ್ಮತ್ತೆ ಅವತ್ತು ಬುಟ್ಟಿ ತಲೆ ಮ್ಯಾಲೆ ಇಟ್ಕಂಡು ಕೈ ಎತ್ತುದ್ರಲ್ಲ" ಎಂದಳು ಸೊಪ್ಪಿನವ್ವ, ತನ್ನೆರಡೂ ಕೈಗಳನ್ನು ಹಾಗೇ ಎತ್ತಿ ತೋರಿಸುತ್ತ. "ಕೈ ತುಂಬ ಹಸ್ರು ಬಳೆ. ಘಲ್ ಅಂದ್ವು. ಅದೊಂದು ಮಾತ್ರ ನಾನ್ ಮರ್ತಿಲ್ಲ."

ಅತ್ತೆಯ ಕೈಯಲ್ಲಿ ಬಳೆ ಇರಲಿಲ್ಲ ಎನ್ನಲು ಬಾಯಿ ತೆರೆದೆ.

"ನಾನ್ ಪಕ್ಕದಾಗೇ ಕೂತಿದ್ನಲ್ಲವ್ವ" ಎಂದಳು ಅವಳು.

ನಾನು ಬಾಯಿ ಮುಚ್ಚಿಕೊಂಡೆ. ಅವಳು ಅತ್ತೆಗೆ ಅಷ್ಟು ಹತ್ತಿರ ಕೂತಿದ್ದಳು, ನಾನು ಚಾಪೆಯ ಮೇಲಿದ್ದೆ.